ಕಾರೆಗ್ ಕೆರೆಯ ಬೀಗದ ಕೈ

ನಮ್ಮಜ್ಜ ಕಳ್ಳ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಗೂ ಮುಂದೆ ಬರುವ ವಿಷಯ, ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳಿದರೆ ಮರ್ಯಾದೆ. ೧೯೧೧ರಲ್ಲಿ ಅವನು ಮೀನುಗಾರರ ಸಂಘದವರು ಅತಿ ಭಾರದ ಮೀನಿಗೆ ಬಹುಮಾನವಾಗಿ ಕೊಡುವ ಬೆಳ್ಳಿ ಕಪ್ಪಿನ ಆಸೆಗೆ ಬಿದ್ದು, ಒಂದು ಟ್ರೌಟ್ ಮೀನಿನ ಗಂಟಲೊಳಗೆ ಸ್ಲೇಟು ಕಲ್ಲಿನ ಚೂರು ತುರುಕಿ ತಕ್ಕಡಿಗೆ ಹಾಕಿದ. ದಿನವಿಡೀ ಗಣಿಯಲ್ಲಿ ಅದೇ ಕಲ್ಲನ್ನು ಸೀಳುತ್ತಿದ್ದವನಿಗೆ ಬೇರೆ ಏನು ಹೊಳೆದೀತು? ಕಪ್ಪು ಗೆದ್ದ. ಮೀನನ್ನು ಮನೆಗೆ ತಂದು ಅಜ್ಜಿಯ ಕೈಗೆ ಕೊಟ್ಟ, ಕೊಡುವ ಮೊದಲು ಕಲ್ಲು ತೆಗೆಯುವುದನ್ನು ಮರೆತ. ಅಜ್ಜಿ ಮೀನಿನ ಹೊಟ್ಟೆ ಸೀಳಿದಾಗ ಬಾಣಲೆಗೆ ಕಲ್ಲು ಬಿದ್ದ ಸದ್ದು ಗೋಡೆಯಾಚೆಯ ಮನೆಗೆ ಕೇಳಿಸಿತು. ಆ ಮನೆಯಲ್ಲಿದ್ದವನು ಎರಡನೇ ಬಹುಮಾನ ಪಡೆದವನು.

ಅಂದಿನಿಂದ ಸಂಘದ ಪುಸ್ತಕದಲ್ಲಿ ಹನ್ನೊಂದನೇ ನಿಯಮ ಇದೆ. ಕಪ್ಪಿಗೆ ಬಂದ ಪ್ರತಿಯೊಂದು ಮೀನನ್ನೂ ಸದಸ್ಯರ ಎದುರು ಸೀಳಬೇಕು, ಹೊಟ್ಟೆಯೊಳಗೆ ಆ ಮೀನಿನದಲ್ಲದ್ದು ಏನಿದ್ದರೂ ತೆಗೆದಿಟ್ಟು ಆಮೇಲೆ ತೂಗಬೇಕು. ನಾನು ಇಪ್ಪತ್ತೆರಡು ವರ್ಷದಿಂದ ಆ ಸಂಘದ ಕಾರ್ಯದರ್ಶಿ. ಪ್ರತಿ ವರ್ಷ ಆ ನಿಯಮವನ್ನು ಗಟ್ಟಿಯಾಗಿ ಓದುವ ಯೋಗ ನನ್ನದೇ. ಓದುವಾಗ ಎಲ್ಲರೂ ನನ್ನ ಮುಖ ನೋಡಿ ಮೀಸೆಯಡಿ ನಗುತ್ತಾರೆ. ನಿಯಮದ ಕೊನೆಗೆ ಅಜ್ಜನ ಹೆಸರೂ ಇದೆ. ಅದೊಂದನ್ನು ಮಾತ್ರ ನಾನು ಯಾವತ್ತೂ ಓದಿರಲಿಲ್ಲ.

ನಮ್ಮದು ವೇಲ್ಸಿನ ಉತ್ತರದಲ್ಲಿರುವ ಸ್ಲೇಟು ಗಣಿಯ ಊರು. ಚರ್ಚಿನ ಗೋಪುರಕ್ಕಿಂತ ಎತ್ತರಕ್ಕೆ ಒಡೆದ ಕಲ್ಲಿನ ರಾಶಿಗಳಿವೆ. ಊರಿನಲ್ಲಿ ಹೆಸರಿಗೆ ಬಡತನ, ಒಂದೇ ಹೆಸರಿನವರು ಮೂರು ಮೂರು ಜನ ಸಿಗುತ್ತಾರೆ, ಅದಕ್ಕೆ ಕಸುಬು ಸೇರಿಸಿಯೇ ಕರೆಯುತ್ತೇವೆ. ನಾನು ಟಪಾಲು ಎಲ್ವೆಡ್. ಮೂವತ್ತೈದು ವರ್ಷ ಕಾಗದ ಹಂಚಿದೆ. ನಮ್ಮ ತೂಕದ ತೀರ್ಪುಗಾರ ಮಾಂಸದಂಗಡಿ ದಿಲ್ವಿನ್. ಅಧ್ಯಕ್ಷ ಗ್ಯಾರೇಜ್ ಇದ್ವಾಲ್. ಇನ್ನು ಈ ಕಥೆ ಯಾರದೋ ಅವಳು ಊಟದ ತೆಗ್ವೆನ್. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷದಿಂದ ಮಕ್ಕಳಿಗೆ ಆಲೂಗಡ್ಡೆ ಬೇಯಿಸಿ ಹಾಕುತ್ತಿರುವವಳು. ಗಂಡ ತೀರಿಹೋಗಿದ್ದಾನೆ, ಮಕ್ಕಳಾಗಲಿಲ್ಲ. ನಾಲ್ವರೂ ಒಂದೇ ಶಾಲೆಯಲ್ಲಿ ಒದೆ ತಿಂದವರು.

ಕಾರೆಗ್ ಕೆರೆ ಊರಿನಿಂದ ಮೂರು ಮೈಲಿ ಮೇಲೆ, ಹಳೇ ಗಣಿಯ ದಾರಿಯ ತುದಿಯಲ್ಲಿದೆ. ಅಲ್ಲಿನ ಟ್ರೌಟ್ ಅಂಗೈಯಷ್ಟಕ್ಕೇ ನಿಂತುಬಿಡುತ್ತದೆ. ಬೆನ್ನು ಕಲ್ಲಿನಷ್ಟೇ ಕಪ್ಪು, ಪಕ್ಕೆಗೆ ಕೆಂಪು ಚುಕ್ಕೆ. ಆ ಮೀನು ಇನ್ನೆಲ್ಲೂ ಇಲ್ಲವೆಂದು ಅದನ್ನು ನೋಡಲು ಬಂದ ಕಾಲೇಜಿನವರೇ ಹೇಳಿದ್ದಾರೆ. ಕೆರೆಗೆ ಸೇರುವ ತೊರೆಯಲ್ಲಿ ಅದು ಮೊಟ್ಟೆ ಇಡುತ್ತಿತ್ತು. ನಾವಿನ್ನೂ ಹುಟ್ಟುವ ಮೊದಲೇ ಕಲ್ಲಿನ ರಾಶಿ ಕುಸಿದು ತೊರೆಯ ಮುಕ್ಕಾಲು ಭಾಗ ಮುಚ್ಚಿಹೋಯಿತು. ಆಗ ತೆಗ್ವೆನ್ನಳ ಅಪ್ಪ ಕೆರೆಯ ಪಕ್ಕದ ಒರತೆಯ ಮೇಲೆ ಒಂದು ಕಲ್ಲಿನ ಗುಡಿಸಲು ಕಟ್ಟಿದ. ನಾವು ಅದನ್ನು ಮರಿಮನೆ ಅನ್ನುತ್ತೇವೆ. ನವೆಂಬರಿನಲ್ಲಿ ಉಳಿದ ಚೂರು ತೊರೆಗೆ ಬರುವ ಹೆಣ್ಣುಮೀನನ್ನು ಹಿಡಿದು, ಹೊಟ್ಟೆ ನೀವಿ ಮೊಟ್ಟೆ ತೆಗೆದು, ಗಂಡುಮೀನಿನ ಹಾಲಿನಂಥ ವೀರ್ಯ ಬೆರೆಸಿ, ಮೀನುಗಳನ್ನು ಜೀವಂತ ವಾಪಸು ಬಿಡುವುದು. ಮೊಟ್ಟೆ ಒಡೆದ ಮೇಲೆ ಮರಿಗಳನ್ನು ಕೆಳಗೆ ಊರಿಗೆ ತಂದು ತೆಗ್ವೆನ್ನಳ ಹಿತ್ತಲಿನ ತೊಟ್ಟಿಗಳಲ್ಲಿ ಒಂದು ವರ್ಷ ಸಾಕುವುದು, ಮೇ ತಿಂಗಳಲ್ಲಿ ಹಾಲಿನ ಕ್ಯಾನಿನಲ್ಲಿ ತುಂಬಿ, ಬೆನ್ನಿಗೆ ಕಟ್ಟಿಕೊಂಡು ಮೇಲೆ ಹತ್ತಿ ಕೆರೆಗೆ ಬಿಡುವುದು. ಬಿಡುವ ಮೊದಲು ತೆಗ್ವೆನ್ ಒಂದೊಂದನ್ನೂ ಒದ್ದೆ ಕೈಯಲ್ಲಿ ಹಿಡಿದು, ಬಾಲದ ಹತ್ತಿರ ಬೆನ್ನ ಮೇಲಿರುವ ಗೋಧಿ ಕಾಳಿನಷ್ಟು ಪುಟ್ಟ ಈಜುರೆಕ್ಕೆಯನ್ನು ಉಗುರಿನ ಕತ್ತರಿಯಿಂದ ಕತ್ತರಿಸುತ್ತಾಳೆ. ಮುಂದೆ ಯಾವಾಗಲಾದರೂ ಹಿಡಿದರೆ ಇದು ಮರಿಮನೆಯ ಮಗು ಅಂತ ಗೊತ್ತಾಗಬೇಕಲ್ಲ. ಅಪ್ಪ ಸತ್ತ ಮೇಲೆ ಇಪ್ಪತ್ತೇಳು ವರ್ಷ ಅವಳೇ ಇದನ್ನು ನಡೆಸಿದಳು. ಕ್ಯಾನು ಹೊರುತ್ತಿದ್ದವನು ನಾನು. ಟಪಾಲಿನವನ ಬೆನ್ನು ನೋಡಿ, ಭಾರಕ್ಕೆ ಪಳಗಿದ್ದು.

ಕಥೆಗೆ ಇನ್ನೊಂದು ವಸ್ತು ಬೇಕು, ಅದು ಬೀಗದ ಕೈ. ಗಣಿಯ ದಾರಿಗೆ ಕಬ್ಬಿಣದ ಗೇಟು ಇದೆ. ಹಿಂದೆ ಗಣಿಯ ಸಾಹೇಬ ತನ್ನ ನೆಂಟರಿಷ್ಟರು ಮಾತ್ರ ಮೀನು ಹಿಡಿಯಲಿ ಅಂತ ಹಾಕಿಸಿದ್ದು. ಮುಂದೆ ಕೆರೆ ಕೆಲಸಗಾರರ ಕೈಗೆ ಬಂದಾಗ ನಮ್ಮ ಹಿರಿಯರು ಒಂದು ಮಾತು ಮಾಡಿಕೊಂಡರು: ನಡೆದು ಬರುವವನಿಗೆ ಬೀಗವಿಲ್ಲ, ಚಕ್ರದ ಮೇಲೆ ಬರುವವನಿಗೆ ಇದೆ. ಆ ಬೀಗದ ಕೈ ಅಧ್ಯಕ್ಷನ ಹತ್ತಿರ ಇರಬಾರದು, ಇದ್ದರೆ ಅವನೂ ಒಬ್ಬ ಸಾಹೇಬನಾಗುತ್ತಾನೆ. ಅದಕ್ಕೆ ಆ ವರ್ಷದ ಕಪ್ಪು ಗೆದ್ದವನ ಹತ್ತಿರ ಒಂದು ವರ್ಷ ಇರಬೇಕು, ಯಾವ ಚಕ್ರ ಒಳಗೆ ಹೋಗಬೇಕೆಂದು ಹೇಳುವವನು ಅವನೊಬ್ಬನೇ. ಗೇಟಿನ ಪಕ್ಕದಲ್ಲಿ ಮನುಷ್ಯ ನುಸುಳುವಷ್ಟು ಕಲ್ಲಿನ ಸಂದಿ ಇದೆ. ಕುರಿ ಕಾಯುವವನ ಟ್ರ್ಯಾಕ್ಟರಿಗೆ ಬಿಟ್ಟರೆ ಆ ಬೀಗವನ್ನು ತೆಗೆದದ್ದೇ ಕಡಿಮೆ. ನಾವೆಲ್ಲ ಅದನ್ನು ಒಂದು ಅಲಂಕಾರದ ವಸ್ತು ಅಂದುಕೊಂಡಿದ್ದೆವು.

ಇದ್ವಾಲ್ ಕೆಟ್ಟವನಲ್ಲ. ಇದನ್ನೂ ಹೇಳಬೇಕು, ಏಕೆಂದರೆ ಕೆಟ್ಟವನಾಗಿದ್ದರೆ ನಾನು ಅವನಿಗೆ ಓಟು ಹಾಕುತ್ತಿರಲಿಲ್ಲ. ಹಿಂದಿನ ಅಕ್ಟೋಬರಿನ ಸಭೆಯಲ್ಲಿ ಅವನು ಎದ್ದು ನಿಂತು, ಒಂದು ಕಾಲಕ್ಕೆ ನೂರಾ ಎಂಬತ್ತು ಜನ ಇದ್ದ ಸಂಘದಲ್ಲಿ ಈಗ ಮೂವತ್ತೊಂದು ಜನ ಉಳಿದಿದ್ದೇವೆ, ಅದರಲ್ಲಿ ಅರ್ಧದಷ್ಟು ಜನರ ಮಂಡಿ ಸವೆದಿದೆ ಅಂದ. ಅಂಗೈಯಷ್ಟು ಮೀನಿಗಾಗಿ ಹೊರಗಿನವರು ಯಾರೂ ಈ ಗುಡ್ಡ ಹತ್ತುವುದಿಲ್ಲ, ಹತ್ತು ಪೌಂಡು ತೂಗುವ ಮೀನಿದ್ದರೆ ಓಡಿ ಬರುತ್ತಾರೆ. ಅಂಥ ಮೀನನ್ನು ಬೆಳೆಸುವ ಸಾಕಣೆ ಕೇಂದ್ರವೊಂದಿದೆ. ಮೊಟ್ಟೆಯಲ್ಲಿರುವಾಗಲೇ ಒತ್ತಡ ಕೊಟ್ಟು ಅವನ್ನು ಬರಡು ಮಾಡುತ್ತಾರೆ. ಅವಕ್ಕೆ ಮೊಟ್ಟೆಯಿಲ್ಲ, ಮರಿಯಿಲ್ಲ, ಸಂಸಾರದ ಚಿಂತೆಯಿಲ್ಲ, ತಿಂದದ್ದೆಲ್ಲ ಮೈಗೆ ಹತ್ತುತ್ತದೆ. ಹೊರಗಿನ ಮೀನು ಬಿಡುವುದಾದರೆ ಬರಡನ್ನೇ ಬಿಡಿ, ಊರ ಮೀನಿನ ಜೊತೆ ಬೆರಕೆಯಾಗಬಾರದು ಅನ್ನುವುದು ಸರ್ಕಾರದ ನಿಯಮ ಕೂಡ. ಹಾಗಾಗಿ ಕಾರೆಗ್ ಮೀನಿನ ರಕ್ತ ಕೆಡುವ ಭಯವಿಲ್ಲ ಅಂತ ಅವನು ವಿವರಿಸಿದ.

ತೆಗ್ವೆನ್ ಹಿಂದಿನ ಬೆಂಚಿನಿಂದ ಎದ್ದಳು.

"ರಕ್ತ ಕೆಡಲ್ಲ, ಒಪ್ಪಿದೆ. ಅವುಗಳ ಹೊಟ್ಟೆಗೆ ಏನು ಹಾಕ್ತೀರಿ, ಅಧ್ಯಕ್ಷರೇ?"

ಶಾಲೆಯಿಂದ ಹೋಗೋ ಬಾರೋ ಅನ್ನುತ್ತಿದ್ದವನನ್ನು ನಮ್ಮೂರಿನಲ್ಲಿ ಬಹುವಚನದಲ್ಲಿ ಕರೆದರೆ ಅದು ಮರ್ಯಾದೆ ಅಲ್ಲ, ಯುದ್ಧ. ಇದ್ವಾಲ್‌ಗೂ ಅರ್ಥವಾಯಿತು. ಕೆರೆಯಲ್ಲಿ ಹುಳಹುಪ್ಪಟೆ ಬೇಕಾದಷ್ಟಿವೆ ಅಂತ ನಕ್ಕುಬಿಟ್ಟ. ಆಮೇಲೆ ಠರಾವು ಓದಲಾಯಿತು. ಮಾರ್ಚಿನಲ್ಲಿ ಒಂದು ಲಾರಿ, ಮುಂದಿನ ಅಕ್ಟೋಬರಿನಲ್ಲಿ ಒಂದು ಲಾರಿ. ಎರಡನೇ ಲಾರಿಯ ಮೀನು ಕೆರೆಗೆ ಬಿದ್ದ ದಿನದಿಂದ ಮರಿಮನೆ ಮುಚ್ಚತಕ್ಕದ್ದು. ಕೊಂಡು ತಂದ ಮೀನಿರುವಾಗ ಮರಿ ಸಾಕುವುದೇಕೆ ಅನ್ನುವುದು ವಾದ. ಬರೆದವನು ನಾನೇ. ಹದಿನೆಂಟು ಕೈ ಪರವಾಗಿ ಮೇಲೆ ಹೋದವು, ಹದಿಮೂರು ವಿರೋಧವಾಗಿ. ಹದಿನೆಂಟರಲ್ಲಿ ಒಂದು ನನ್ನದು. ಸಂಘವೇ ಸತ್ತರೆ ಮೀನನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ನನ್ನ ತಲೆಯಲ್ಲಿತ್ತು. ಈಗ ಕೇಳಿದರೆ ಅದು ನೆಪದ ಹಾಗೆ ಕೇಳಿಸುತ್ತದೆ, ನನಗೇ.

ಬಾಗಿಲ ಹತ್ತಿರ ತೆಗ್ವೆನ್ ನನ್ನ ಬಲಗೈಯನ್ನು ನೋಡಿದಳು. "ಆ ಕೈ ಇನ್ಮೇಲೆ ನನ್ನ ಕ್ಯಾನು ಮುಟ್ಟೋದು ಬೇಡ, ಎಲ್ವೆಡ್" ಅಂದು ಹೋದಳು.

ಮಾರ್ಚಿನಲ್ಲಿ ಲಾರಿ ಬಂತು. ಹಿಂದಿನ ವರ್ಷದ ಕಪ್ಪು ಇದ್ವಾಲ್‌ದು, ಮುಕ್ಕಾಲು ಪೌಂಡಿನ ಮೀನಿಗೆ ಸಿಕ್ಕಿದ್ದು. ಹಾಗಾಗಿ ಬೀಗದ ಕೈಯೂ ಅವನದೇ, ಗೇಟೂ ತೆರೆಯಿತು. ಕೊಳವೆಯಿಂದ ಮುನ್ನೂರು ಮೀನು ಕೆರೆಗೆ ಜಾರಿದವು. ನಾನು ಬದುಕಿನಲ್ಲಿ ಅಂಥ ಮೀನು ನೋಡಿರಲಿಲ್ಲ. ನನ್ನ ತೋಳಿನುದ್ದದವು, ತೊಡೆಯಷ್ಟು ದಪ್ಪದವು. ದಿಲ್ವಿನ್ ತನ್ನ ಅಂಗಡಿಯಲ್ಲಿ ಕೊಬ್ಬಿದ ಕುರಿ ನೋಡುವ ಹಾಗೆ ನೋಡಿದ. ಚೆಂದವಾಗಿದ್ದವು, ಸುಳ್ಳು ಹೇಳಲಾರೆ. ಮೈಮೇಲೆ ಒಂದು ಗಾಯವಿಲ್ಲ, ಜಗಳವಾಡಿದ ಗುರುತಿಲ್ಲ.

ಹೊರಗಿನವರೂ ಬಂದರು. ಇದ್ವಾಲ್ ಹೇಳಿದ್ದು ನಿಜವಾಯಿತು. ಬೇಸಿಗೆಯಿಡೀ ಗುಡ್ಡದ ಮೇಲೆ ಬಣ್ಣಬಣ್ಣದ ಕೋಟುಗಳು ಕಂಡವು. ದೊಡ್ಡ ಮೀನನ್ನು ಎದೆಗವುಚಿ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಆ ಮೇ ತಿಂಗಳಲ್ಲಿ ತೆಗ್ವೆನ್ ತನ್ನ ಇನ್ನೂರು ಮರಿಗಳನ್ನು ಒಬ್ಬಳೇ ಹೊತ್ತಳು. ಒಂದೇ ಸಲಕ್ಕೆ ಆಗಲಿಲ್ಲ, ನಾಲ್ಕು ಸಲ ಹತ್ತಿ ಇಳಿದಳು. ನಾನು ಕಿಟಕಿಯಿಂದ ನೋಡುತ್ತಾ ಇದ್ದೆ. ಹೋಗಿ ಕ್ಯಾನು ಕಸಿದುಕೊಳ್ಳಬೇಕಿತ್ತು. ನಾಚಿಕೆ ಕಾಲು ಕಟ್ಟಿಹಾಕಿತು.

ಸೆಪ್ಟೆಂಬರಿನಲ್ಲಿ ಕಪ್ಪಿನ ಸ್ಪರ್ಧೆಗೆ ಹೆಸರು ಬರೆಸುವ ದಿನ ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು. ಹುಟ್ಟಿದಾಗಿನಿಂದ ಕೆರೆಯ ಜೊತೆ ಬದುಕಿದರೂ ಅವಳು ಒಂದು ಸಲವೂ ಸ್ಪರ್ಧೆಗೆ ನಿಂತವಳಲ್ಲ. ಸಾಕಿದ ಕೈಯಿಂದಲೇ ಗಾಳ ಹಾಕುವುದು ಯಾವ ಜಂಬ ಅನ್ನುತ್ತಿದ್ದಳು.

"ನನ್ನ ಹೆಸರೂ ಬರ್ಕೋ" ಅಂದಳು.

ಬರೆದೆ. ಬರೆಯುವ ಕೈಯನ್ನು ಅವಳು ನೋಡುತ್ತಿದ್ದಳು, ಅಕ್ಷರ ಸೊಟ್ಟಗಾಯಿತು. ಹಿಂದಿದ್ದ ಇದ್ವಾಲ್, ಆಲೂಗಡ್ಡೆ ಕಟ್ಟಿ ಹಿಡೀತೀಯಾ ಅಂತ ಕಿಚಾಯಿಸಿದ. ಹಸಿದವರಿಗೆ ಏನು ಹಾಕಬೇಕು ಅಂತ ನನಗೆ ಗೊತ್ತು ಅಂದಳು ಅವಳು, ತಿರುಗಿಯೂ ನೋಡದೆ.

ಸ್ಪರ್ಧೆಯ ಶನಿವಾರ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ. ಇದ್ವಾಲ್ ಕೆರೆಯ ಮೇಲ್ತುದಿಗೆ, ತೊರೆ ಬಂದು ಸೇರುವ ಜಾಗಕ್ಕೆ ಹೋದ. ಅವನ ಹತ್ತಿರ ಹೊಸ ಗಾಳಕೋಲು, ನವಿಲಿನ ಗರಿಯ ಸುಳ್ಳು ಹುಳಗಳ ಡಬ್ಬಿ ಎಲ್ಲ ಇತ್ತು. ತೆಗ್ವೆನ್ ಅಪ್ಪನ ಹಳೇ ಕೋಲು ಹಿಡಿದು ಕಟ್ಟೆಯ ಮೇಲೆ ಸುಮ್ಮನೆ ಕೂತಳು. ಗಾಳವನ್ನು ನೀರಿಗೆ ಹಾಕಲೇ ಇಲ್ಲ. ಹತ್ತು ಗಂಟೆಗೆ ಫ್ಲಾಸ್ಕಿನಿಂದ ಚಹಾ ಕುಡಿದಳು. ಹನ್ನೊಂದಕ್ಕೆ ಹೆಣಿಗೆ ತೆಗೆದಳು. ನಾನು ಪಕ್ಕದ ಬಂಡೆಯ ಮೇಲೆ ಪುಸ್ತಕ ಹಿಡಿದು ಕೂತು, ಇವಳಿಗೆ ಸಿಟ್ಟಿನಲ್ಲಿ ಬುದ್ಧಿ ಕೆಟ್ಟಿತೇ ಅಂದುಕೊಂಡೆ.

ಹನ್ನೆರಡೂಕಾಲಕ್ಕೆ, ಅಂದರೆ ಶಾಲೆಯಲ್ಲಿ ಊಟದ ಗಂಟೆ ಹೊಡೆಯುವ ಹೊತ್ತಿಗೆ, ಎದ್ದು ಬೂಟುಗಾಲಿನಿಂದ ಕಟ್ಟೆಯ ಮೇಲೆ ಧಬಧಬ ಬಡಿದಳು. ಬೇರೆ ಯಾವ ಕೆರೆಯಲ್ಲಾದರೂ ಹೀಗೆ ಮಾಡಿದರೆ ಮೀನು ಇನ್ನೊಂದು ದಡಕ್ಕೆ ಓಡುತ್ತದೆ. ಇಲ್ಲಿ ಕಟ್ಟೆಯ ಬುಡದಲ್ಲಿ ನಾಲ್ಕು ದೊಡ್ಡ ಮೂತಿಗಳು ಮೇಲೆ ಬಂದವು. ಸಾಕಣೆ ಕೇಂದ್ರದಲ್ಲಿ ಗೋಡೆಯ ಮೇಲೆ ಹೆಜ್ಜೆ ಸದ್ದಾದರೆ ಊಟ ಬಂತೆಂದು ಅರ್ಥ. ಆರು ತಿಂಗಳಾದರೂ ಕೆಲವು ಮೀನು ಅದನ್ನು ಮರೆತಿರಲಿಲ್ಲ, ಈಗಲೂ ಬಡಿಸುವವರಿಗಾಗಿ ಕಾಯುತ್ತಾ ಇದ್ದವು. ಬೇಸಿಗೆಯಿಡೀ ತನ್ನ ಮರಿಗಳನ್ನು ನೋಡಲು ಬರುತ್ತಿದ್ದವಳು ಇದನ್ನು ಕಂಡುಕೊಂಡಿದ್ದಳು. ಎರೆಹುಳ ಸಿಕ್ಕಿಸಿದ ಗಾಳವನ್ನು ಮೆಲ್ಲಗೆ, ತಟ್ಟೆಗೆ ಹಾಕುವಂತೆ, ಅತಿ ದೊಡ್ಡ ಮೂತಿಯ ಮುಂದೆ ಇಳಿಸಿದಳು.

ಹಳೇ ಕೋಲು ಬಿಲ್ಲಿನ ಹಾಗೆ ಬಾಗಿತು. ಅರ್ಧ ಗಂಟೆ ಅವಳು ಕಟ್ಟೆಯುದ್ದಕ್ಕೂ ಮೀನಿನ ಹಿಂದೆ ಹೋದಳು, ಬಂದಳು. ನಾನು ಬಲೆ ಹಿಡಿದು ಓಡಿದೆ. ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ, ಅನ್ನಲಿಲ್ಲ. ಮೀನು ಸುಸ್ತಾಗಿ ಪಕ್ಕಕ್ಕೆ ವಾಲಿದಾಗ ಅವಳ ಮುಖದಲ್ಲಿ ಸಂತೋಷ ಇರಲಿಲ್ಲ. "ಇದರ ತಪ್ಪೇನೂ ಇಲ್ಲ" ಅಂದಳು ಅಷ್ಟೇ, ಮರದ ಕೊಡತಿಯಿಂದ ಒಂದೇ ಏಟಿಗೆ ಅದನ್ನು ಕೊಂದಳು.

ತೂಕ ಹಾಕುವುದು ಗೇಟಿನ ಪಕ್ಕದ ಕಾಬಾನಿನಲ್ಲಿ, ಅಂದರೆ ಗಣಿಯವರು ಬುತ್ತಿ ಬಿಚ್ಚುತ್ತಿದ್ದ ಕಲ್ಲಿನ ಕೋಣೆಯಲ್ಲಿ. ಇಪ್ಪತ್ತೈದು ಜನ ಸೇರಿದ್ದೆವು. ಮೂರು ಗಂಟೆಗೆ ಇದ್ವಾಲ್ ಬಂದಾಗ ಎಲ್ಲರೂ ಎದ್ದು ನಿಂತರು. ಅವನ ಎರಡೂ ತೋಳಿನ ಮೇಲೆ ಮಲಗಿದ್ದ ಮೀನು ಅಂಥದ್ದು. ಮುದ್ದಾದ ಚಿಕ್ಕ ತಲೆ, ಗುಡಾಣದಂಥ ಹೊಟ್ಟೆ. ಕೊಕ್ಕೆಗೆ ಹಾಕಿದಾಗ ಹದಿಮೂರು ಪೌಂಡು ಎರಡು ಔನ್ಸು ತೋರಿಸಿತು. ತೆಗ್ವೆನ್ನಳದು ಹನ್ನೆರಡು ಪೌಂಡು ಹದಿಮೂರು ಔನ್ಸು, ಐದೇ ಔನ್ಸು ಕಡಿಮೆ. ಅಷ್ಟು ಹತ್ತಿರ ಬಂದು ಸೋತಳಲ್ಲ ಅಂತ ಯಾರೋ ನಿಟ್ಟುಸಿರು ಬಿಟ್ಟರು. ದಿಲ್ವಿನ್ ಏಪ್ರನ್ ಕಟ್ಟಿಕೊಂಡು ಮೊದಲು ಅವಳ ಮೀನನ್ನೇ ಸೀಳಿದ. ಒಳಗೆ ಎರಡು ಬಸವನಹುಳು ಬಿಟ್ಟರೆ ಏನೂ ಇರಲಿಲ್ಲ. ಅವನ್ನು ತೆಗೆದು ತೂಗಿದರೆ ಮುಳ್ಳು ಅಲುಗಲೂ ಇಲ್ಲ.

ಅವನು ಇನ್ನೊಂದು ಮೀನಿಗೆ ಕೈ ಹಾಕಿದಾಗ ಇದ್ವಾಲ್ ಅಡ್ಡ ಬಂದ.

"ಇದನ್ನ ಸೀಳೋದು ಬೇಡ ಕಣೋ. ಗಾಜಿನ ಪೆಟ್ಟಿಗೆಗೆ ಹೇಳಿಟ್ಟಿದೀನಿ, ಹಾಗೇ ಇಡಿಯಾಗಿ ಇಡಬೇಕು. ಇದಕ್ಕೆಲ್ಲ ಯಾರಾದ್ರೂ ಕಲ್ಲು ತುರುಕ್ತಾರಾ, ಕಣ್ಣಿಗೆ ಕಾಣಲ್ವಾ?"

ಕಾಣುತ್ತದೆ ಅಂತ ತಲೆಗಳು ಆಡಿದವು. ನಿಜವೂ ಹೌದು. ಇದ್ವಾಲ್ ಮೋಸಗಾರನಲ್ಲ ಅಂತ ಎಲ್ಲರಿಗೂ ಗೊತ್ತು. ದಿಲ್ವಿನ್ ಕತ್ತಿ ಹಿಡಿದು ನನ್ನ ಕಡೆ ನೋಡಿದ. ತೆಗ್ವೆನ್ ಯಾರನ್ನೂ ನೋಡಲಿಲ್ಲ. ಅವಳು ಒಂದು ಮಾತಾಡಿದ್ದರೆ ನನಗೆ ಸುಲಭವಾಗುತ್ತಿತ್ತು, ಆಡಲಿಲ್ಲ. ಇದ್ವಾಲ್ ನನಗೆ ಕಣ್ಣು ಮಿಟುಕಿಸಿದ. ಬಿಟ್ಟುಬಿಡು ಮಾರಾಯ, ನಿಮ್ಮಜ್ಜನ ಕಥೆ ಇವತ್ತು ಯಾಕೆ, ಅನ್ನುವ ಹಾಗಿತ್ತು. ಅದು ದಯೆಯೇ. ಆ ದಯೆ ನನಗೆ ಹಿಡಿಸಲಿಲ್ಲ. ವರ್ಷವಿಡೀ ಹೊಟ್ಟೆಯಲ್ಲಿ ಕಲ್ಲಿಟ್ಟುಕೊಂಡು ತಿರುಗಿದವನು ನಾನು, ಇನ್ನು ಸಾಕಾಗಿತ್ತು.

ಪುಸ್ತಕ ತೆರೆದು ಹನ್ನೊಂದನೇ ನಿಯಮ ಓದಿದೆ. ಪ್ರತಿಯೊಂದು ಮೀನನ್ನೂ, ಅನ್ನುವಲ್ಲಿ ಒತ್ತಿ ಓದಿದೆ. ಕೊನೆಗೆ ಬಂದಾಗ ನಿಲ್ಲಿಸಲಿಲ್ಲ. "ಸದಸ್ಯ ಟುಡುರ್ ಎಂಬವನು ಕಲ್ಲು ತುಂಬಿ ಕಪ್ಪು ಕದ್ದದ್ದರಿಂದ ಈ ನಿಯಮ ಮಾಡಲಾಗಿದೆ" ಅಂತ ಪೂರ್ತಿ ಓದಿದೆ. ಈ ಸಲ ಯಾರೂ ನಗಲಿಲ್ಲ.

"ಸೀಳು ದಿಲ್ವಿನ್" ಅಂದೆ.

ಸೀಳಿದ. ಹೆಣ್ಣುಮೀನು ಅದು. ಸೆಪ್ಟೆಂಬರಿನ ಕೊನೆಗೆ ಹೆಣ್ಣುಮೀನಿನ ಒಳಗೆ ಎರಡು ಕಡೆ ತುಂಬಿದ ಮೊಟ್ಟೆಯ ಚೀಲ ಇರಬೇಕು. ಇಲ್ಲಿ ಎರಡು ದಾರದೆಳೆ ಇದ್ದವು, ಅಷ್ಟೇ. ಆಮೇಲೆ ದಿಲ್ವಿನ್ ಜಠರ ಬಿಡಿಸಿದ. ಒಳಗಿದ್ದದ್ದನ್ನು ಒಂದೊಂದಾಗಿ ಹಲಗೆಯ ಮೇಲೆ ಸಾಲಾಗಿಟ್ಟ. ಏಳು ಪುಟ್ಟ ಮೀನು. ಬೆಳಗಿನ ಬೇಟೆ ಇರಬೇಕು, ಬಣ್ಣವೂ ಮಾಸಿರಲಿಲ್ಲ. ಕಪ್ಪು ಬೆನ್ನು, ಕೆಂಪು ಚುಕ್ಕೆ.

ತೆಗ್ವೆನ್ ಮುಂದೆ ಬಂದಳು. ಮೊದಲನೆಯದನ್ನು ಎತ್ತಿ ಹೆಬ್ಬೆರಳಿನಿಂದ ಲೋಳೆ ಒರೆಸಿ, ಬಾಲದ ಹತ್ತಿರ ಬೆನ್ನ ಮೇಲೆ ಸವರಿದಳು. ರೆಕ್ಕೆ ಇರಬೇಕಾದಲ್ಲಿ ನುಣ್ಣಗಿತ್ತು. ಎರಡನೆಯದು. ಮೂರನೆಯದು. ಆರಕ್ಕೂ ಇರಲಿಲ್ಲ. ಏಳನೆಯದಕ್ಕೆ ಮಾತ್ರ ಇತ್ತು. ಅದು ಮುಚ್ಚಿಹೋದ ತೊರೆಯಲ್ಲೇ ಹೇಗೋ ತಾನಾಗಿ ಹುಟ್ಟಿದ್ದು. ಅದನ್ನು ಅವಳು ಬಹಳ ಹೊತ್ತು ಕೈಯಲ್ಲಿಟ್ಟುಕೊಂಡಿದ್ದಳು. ನಾನು ಕೈ ಎತ್ತದೇ ಹೋಗಿದ್ದರೂ ಠರಾವು ಗೆಲ್ಲುತ್ತಿತ್ತು, ಲೆಕ್ಕ ನನಗೆ ಗೊತ್ತು. ಆದರೂ ಆ ಏಳೂ ನನ್ನ ಕೈಯಿಂದಲೇ ಸತ್ತವು ಅನ್ನಿಸಿತು.

ಇದ್ವಾಲ್‌ಗೂ ಕಸಿವಿಸಿಯಾಗಿತ್ತು. ಕಸಿವಿಸಿಯಾದಾಗ ನಗೆಯಾಡುವುದು ಅವನ ಹಳೇ ಚಾಳಿ.

"ಏನ್ ಮಾಡೋದು ಮಾರಾಯ್ತಿ, ಬಂಜೆ ಮೀನು. ಅದಕ್ಕೇನು ಗೊತ್ತು, ಮಕ್ಕಳು ಮರಿ ಅಂದ್ರೆ" ಅಂದ.

ಹೇಳಿದ ಮೇಲೆ ಯಾರಿಗೆ ಹೇಳಿದೆ ಅಂತ ಹೊಳೆದು ಅವನ ಕಿವಿ ಕೆಂಪಾಯಿತು. ತೆಗ್ವೆನ್ ಮೀನನ್ನು ಹಲಗೆಯ ಮೇಲಿಟ್ಟು ತನ್ನ ಹಳೇ ಕೋಟಿಗೆ ಕೈ ಒರೆಸಿಕೊಂಡಳು.

"ನಂಗೂ ಮಕ್ಕಳಿಲ್ಲ, ಇದ್ವಾಲ್. ಹಾಗಂತ ಊರ ಮಕ್ಕಳನ್ನ ನಾನು ತಿಂದಿಲ್ಲ. ಮೂವತ್ತು ವರ್ಷ ಬಡಿಸಿದೀನಿ. ನಿನ್ನ ಇಬ್ಬರಿಗೂ ಬಡಿಸಿದೀನಿ."

ಇದ್ವಾಲ್ ತಲೆ ತಗ್ಗಿಸಿದ. ಮಾತು ಬೆಳೆಯುವ ಮೊದಲು ದಿಲ್ವಿನ್ ಗಂಟಲು ಸರಿಮಾಡಿಕೊಂಡು, ಏಳು ಮರಿಗಳನ್ನು ಪಕ್ಕಕ್ಕೆ ಸರಿಸಿ, ದೊಡ್ಡ ಮೀನನ್ನು ಕೊಕ್ಕೆಗೆ ಹಾಕಿದ. ಓದಿದ. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದ. ಹನ್ನೆರಡು ಪೌಂಡು, ಹನ್ನೊಂದು ಔನ್ಸು. ತೆಗ್ವೆನ್ನಳದಕ್ಕಿಂತ ಎರಡು ಔನ್ಸು ಕಡಿಮೆ. ಅವಳ ಮರಿಗಳೇ ಅವಳನ್ನು ಗೆಲ್ಲಿಸಿದ್ದವು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಹೊಡೆಯುವ ಹೊತ್ತಾಗಿರಲಿಲ್ಲ. ಕಪ್ಪನ್ನು ಅವಳು ಕಂಕುಳಲ್ಲಿ ಇರುಕಿಕೊಂಡು ಇನ್ನೊಂದು ಕೈ ಚಾಚಿದಳು. ಇದ್ವಾಲ್‌ಗೆ ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗ್ಯಾರೇಜಿನ ಬೀಗದ ಕೈಗಳ ಗೊಂಚಲಿನಿಂದ ಗೇಟಿನದನ್ನು ಬಿಡಿಸಲು ಶುರುಮಾಡಿದ. ಉಂಗುರ ಬಿಗಿಯಾಗಿತ್ತು, ಉಗುರು ಮುರಿಯಿತು. ಅಷ್ಟು ಹೊತ್ತೂ ಅವಳ ಕೈ ಚಾಚಿಯೇ ಇತ್ತು.

ಅಕ್ಟೋಬರಿನ ಎರಡನೇ ಮಂಗಳವಾರ ಬೆಳಿಗ್ಗೆ ಲಾರಿ ಬಂತು. ತೆಗ್ವೆನ್ ಶಾಲೆಗೆ ರಜೆ ಹಾಕಿ ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು, ಹೆಣಿಗೆ ಕೈಯಲ್ಲಿತ್ತು. ನಾನು ಪುಸ್ತಕ ತೆಗೆದುಕೊಂಡು ಹೋದೆ. ಕರೆದವರಿಲ್ಲ, ಆದರೂ ಹೋದೆ. ಇದ್ವಾಲ್ ಲಾರಿಯಿಂದಲೇ ಇಳಿದ. ಸ್ವರ ಎತ್ತದೆ, ಸಂಘ ಓಟು ಹಾಕಿದೆ, ಮೀನು ತರಿಸಿಯಾಗಿದೆ, ಹಟ ಬಿಡು ಅಂದ.

"ಮೀನು ತರಿಸೋಕೆ ಓಟು ಹಾಕಿದಾರೆ, ತರಿಸಿದೀಯ. ಬಿಡೋಕೂ ಹಾಕಿದಾರೆ, ಬಿಡು. ನಾನು ಬೇಡ ಅಂದ್ನಾ?" ಅಂದಳು ಅವಳು. ಆಮೇಲೆ ಹೆಣಿಗೆಯ ಕಡ್ಡಿಯಿಂದ ಪಕ್ಕದ ಕಲ್ಲಿನ ಸಂದಿಯನ್ನು ತೋರಿಸಿದಳು. "ಕಾಲಿಗೆ ಇಲ್ಲಿ ಬೀಗ ಇಲ್ಲ. ನಮ್ಮಪ್ಪ ಬೆನ್ನ ಮೇಲೆ ಹೊತ್ತ, ನಾನೂ ಹೊತ್ತೆ. ನೀನೂ ಹೊರು. ಚಕ್ರ ಮಾತ್ರ ಈ ವರ್ಷ ಒಳಗೆ ಹೋಗಲ್ಲ."

ಇದ್ವಾಲ್ ನನ್ನ ಕಡೆ ತಿರುಗಿದ. ನಾನು ಪುಸ್ತಕದ ಆ ಪುಟ ತೆರೆದು ಅವನ ಮುಂದೆ ಹಿಡಿದೆ. ಯಾವ ಚಕ್ರ ಅನ್ನುವುದು ಬೀಗದ ಕೈ ಇದ್ದವರ ಮರ್ಜಿ ಅಂತ ಅವನ ಮುತ್ತಜ್ಜನೇ ರುಜು ಹಾಕಿದ್ದ.

ಅವನೂ ನಮ್ಮೂರಿನವನೇ, ಹಟಕ್ಕೆ ಕಡಿಮೆಯಿಲ್ಲ. ಲಾರಿಯವನಿಂದ ದೊಡ್ಡ ಬಕೆಟ್ಟು ಇಸಿದುಕೊಂಡು, ನೀರು ತುಂಬಿ, ಒಂದು ಮೀನು ಹಾಕಿಸಿಕೊಂಡು ಸಂದಿಯಿಂದ ನುಸುಳಿ ಗುಡ್ಡ ಹತ್ತಲು ಹೊರಟ. ಹನ್ನೆರಡು ಪೌಂಡಿನ ಮೀನು ಬಕೆಟ್ಟಿನಲ್ಲಿ ಸುಮ್ಮನಿರುತ್ತದೆಯೇ? ಮೊದಲ ತಿರುವು ತಲುಪುವ ಹೊತ್ತಿಗೆ ಪ್ಯಾಂಟು ಪೂರಾ ಒದ್ದೆ, ನೀರು ಅರ್ಧ ಖಾಲಿ, ಮೀನಿನ ಬಾಲ ಅವನ ಕೆನ್ನೆಗೆ. ಅಲ್ಲೇ ಕೂತ. ಕೆಳಗೆ ಲಾರಿಯಲ್ಲಿ ಇನ್ನೂರ ತೊಂಬತ್ತೊಂಬತ್ತು ಉಳಿದಿದ್ದವು. ಲಾರಿಯವನು ಬ್ರೆಡ್ಡು ತಿನ್ನುತ್ತಾ, ಮಧ್ಯಾಹ್ನದ ನಂತರ ತೊಟ್ಟಿಯಲ್ಲಿ ಮೀನು ಉಳಿಯುವುದಿಲ್ಲ, ಏನಂತ ಬೇಗ ಹೇಳಿ ಅಂದ. ಇದ್ವಾಲ್ ಇಳಿದು ಬಂದು ಆ ಒಂದನ್ನೂ ವಾಪಸು ತೊಟ್ಟಿಗೆ ಹಾಕಿದ. ಸಾಯಿಸಲಿಲ್ಲ. ಹೇಳಿದೆನಲ್ಲ, ಕೆಟ್ಟವನಲ್ಲ.

"ಮುಂದಿನ ವರ್ಷ ಕಪ್ಪು ನಂದು" ಅಂತ ಲಾರಿ ಹತ್ತುವಾಗ ಅವಳಿಗೆ ಹೇಳಿದ.

"ಬಾ. ಕೆರೆಯಲ್ಲಿ ಇನ್ನೂ ನೂರಾದ್ರೂ ಇವೆ, ಹಿಡಿ. ಎಲ್ಲರೂ ಹಿಡೀರಿ. ಹುರಿಯೋಕೆ ನಾನೇ ಬರ್ತೀನಿ. ಅವು ಮುಗಿದ್ರೆ ಮುಗೀತು, ಅವಕ್ಕೆ ಹಿಂದೆ ಬರೋರು ಯಾರೂ ಇಲ್ಲ. ನನ್ನವಕ್ಕೆ ಇದಾರೆ" ಅಂದಳು.

ಎರಡನೇ ಲಾರಿಯ ಮೀನು ಕೆರೆಗೆ ಬೀಳಲಿಲ್ಲ. ಬಿದ್ದ ದಿನದಿಂದ ಮರಿಮನೆ ಮುಚ್ಚತಕ್ಕದ್ದು ಅಂತ ಬರೆದವನು ನಾನು, ಆ ದಿನ ಬರಲೇ ಇಲ್ಲ ಅಂತ ಬರೆದವನೂ ನಾನೇ. ಬರೆದು ಕೆಳಗೆ ರುಜು ಹಾಕಿದೆ. ಈ ಸಲ ಅಕ್ಷರ ಸೊಟ್ಟಗಾಗಲಿಲ್ಲ.

ನವೆಂಬರಿನ ಮೂರನೇ ವಾರ ಬಾಗಿಲು ತಟ್ಟಿದ ಸದ್ದಾಯಿತು. ತೆಗ್ವೆನ್ ನಿಂತಿದ್ದಳು, ಪಕ್ಕದಲ್ಲಿ ಖಾಲಿ ಕ್ಯಾನು. ಹೆಣ್ಣುಮೀನು ತೊರೆಗೆ ಬಂದ ಹಾಗಿದೆ, ಬೆನ್ನು ಖಾಲಿ ಇದೆಯಾ ಅಂತ ಕೇಳಿದಳು. ಕೋಟು ಹಾಕಿಕೊಳ್ಳುವಾಗ ನನಗೆ ತೋಳು ಸಿಗಲಿಲ್ಲ, ಅಷ್ಟು ಗಡಿಬಿಡಿ.

ಮರಿಮನೆಯೊಳಗೆ ಒರತೆಯ ನೀರು ಮೂಳೆ ಕೊರೆಯುವಷ್ಟು ತಣ್ಣಗಿತ್ತು. ಅವಳು ಚೀಲದಿಂದ ಬೆಳ್ಳಿ ಕಪ್ಪನ್ನು ತೆಗೆದು ಬಟ್ಟೆಯಿಂದ ಒಳಗಡೆ ಚೆನ್ನಾಗಿ ಒರೆಸಿದಳು. ಅತಿ ದೊಡ್ಡ ಮೀನಿಗೆ ಅಂತ ಅದರ ಮೇಲೆ ಕೆತ್ತಿದೆ, ಕೆಳಗೆ ನೂರು ವರ್ಷದ ಹೆಸರುಗಳಿವೆ, ೧೯೧೧ರ ಎದುರು ಒಂದು ಗೀಚಿದ ಗೆರೆ ಇದೆ. ಅದನ್ನು ನನ್ನ ಕೈಗೆ ಕೊಟ್ಟು ಹಿಡಿ ಅಂದಳು. ಬೋಗುಣಿ ಎಲ್ಲಿ ಅಂತ ಕೇಳಿದೆ. ಇದೇ ಬೋಗುಣಿ ಅಂದಳು.

ಮೊದಲ ಹೆಣ್ಣುಮೀನನ್ನು ಬಲೆಯಿಂದ ಎತ್ತಿದಳು. ಅವಳ ಅಂಗೈ ದಾಟುತ್ತಿರಲಿಲ್ಲ ಅದು. ಬೆನ್ನ ಮೇಲೆ, ಬಾಲದ ಹತ್ತಿರ, ನುಣ್ಣಗಿತ್ತು. ಯಾವುದೋ ವರ್ಷ ನಾನೇ ಹೊತ್ತು ತಂದದ್ದು. ಹೆಬ್ಬೆರಳಿನಿಂದ ಹೊಟ್ಟೆಯನ್ನು ಮೆಲ್ಲಗೆ ನೀವಿದಳು, ಕಿತ್ತಳೆ ಬಣ್ಣದ ಮೊಟ್ಟೆಗಳು ಸಣ್ಣಗೆ ಸದ್ದು ಮಾಡುತ್ತಾ ಕಪ್ಪಿನ ತಳಕ್ಕೆ ಬಿದ್ದವು. ಒಳಗೆ ನೋಡಬೇಕೆನಿಸಿ ಕಪ್ಪನ್ನು ನನ್ನ ಕಡೆ ವಾಲಿಸಿದೆ.

"ಅಲ್ಲಾಡಿಸಬೇಡ" ಅಂದಳು ತೆಗ್ವೆನ್.

ಕೈ ಗಟ್ಟಿಮಾಡಿ ಹಿಡಿದೆ.